ಎರಡನೇ ಭಾಗ ಬಾರದ ಆಟ

2005ರ ಸುಮಾರು. ಮಟ್ಟುವಿನಿಂದ ಸೈಕಲ್ ತುಳಿದು ಕಟಪಾಡಿ ಪೇಟೆಗೆ ಬಂದರೆ ಅಲ್ಲೊಂದು ಸೈಬರ್ ಇತ್ತು, ಗಂಟೆಗೆ 20 ರೂಪಾಯಿ. ನನ್ನ ಮತ್ತು ದೊಡ್ಡಪ್ಪನ ಮಗನ ಕಿಸೆ ಕೊಡವಿದರೆ ಸರಿಯಾಗಿ ಅಷ್ಟೇ ಬೀಳ್ತಿತ್ತು. ಹಾಗಾಗಿ ಒಂದೇ ಕಂಪ್ಯೂಟರ್, ಒಂದೇ ಕುರ್ಚಿ. ಮೌಸ್ ಅಣ್ಣನ ಕೈಯಲ್ಲಿ, ಕೀಬೋರ್ಡ್ ನನ್ನ ಕೈಯಲ್ಲಿ. ಗುಂಡು ಹಾರಿಸುವುದು ಅವನು, ಓಡಿಸುವುದು ನಾನು. ಆಟದ ಹೆಸರು ಫ್ರೀಡಮ್ ಫೈಟರ್ಸ್.

ವೈಸ್ ಸಿಟಿ ಅಂದ್ರೆ ಈಗಲೂ ಆಫೀಸಿನ ಕ್ಯಾಂಟೀನಲ್ಲಿ ನಾಲ್ಕು ಜನ ಕಣ್ಣರಳಿಸ್ತಾರೆ. ಫ್ರೀಡಮ್ ಫೈಟರ್ಸ್ ಅಂದ್ರೆ ಯಾರೋ ಒಬ್ಬ ಮಾತ್ರ "ಓ, ಅದಾ!" ಅಂತಾನೆ. ಡೆನ್ಮಾರ್ಕಿನ ಐಒ ಇಂಟರಾಕ್ಟಿವ್ ಇದನ್ನು ಮಾಡಿದ್ದು 2003ರಲ್ಲಿ. ಅದೇ ಕಂಪನಿಯ ಹಿಟ್‌ಮ್ಯಾನ್‌ಗೆ ಭಾಗದ ಮೇಲೆ ಭಾಗ ಬಂತು. ಇದಕ್ಕೆ ಒಂದೂ ಇಲ್ಲ.

ಕತೆ ಹೀಗೆ: ಎರಡನೇ ಮಹಾಯುದ್ಧದಲ್ಲಿ ಬರ್ಲಿನ್ ಮೇಲೆ ಅಣುಬಾಂಬ್ ಹಾಕಿ ಗೆದ್ದದ್ದು ಸೋವಿಯತ್ ಒಕ್ಕೂಟ. ಈಗ ಅದರ ಸೇನೆ ನ್ಯೂಯಾರ್ಕಿಗೆ ನುಗ್ಗಿದೆ. ನಾಯಕ ಕ್ರಿಸ್ ಸ್ಟೋನ್ ಸೈನಿಕನಲ್ಲ, ಪ್ಲಂಬರ್. ತಮ್ಮನೋ ಅಣ್ಣನೋ ಸೆರೆ ಸಿಕ್ಕಿದ ಮೇಲೆ ಚರಂಡಿಯೊಳಗೆ ಅಡಗಿ ಹೋರಾಟ ಶುರು ಮಾಡ್ತಾನೆ. ಆ ಇಸವಿ ನೆನಪಿಟ್ಟುಕೊಳ್ಳಿ. ಅಮೆರಿಕ ಇರಾಕಿಗೆ ನುಗ್ಗಿದ ವರ್ಷವೇ, ಈ ಆಟ ಅಮೆರಿಕವನ್ನು ಪರಸೇನೆ ಹೊಕ್ಕ ದೇಶವಾಗಿ ತೋರಿಸಿತು. ಸೈಬರಿನಲ್ಲಿ ಕೂತ ನಮಗೆ ಇದೆಲ್ಲ ತಲೆಗೆ ಹೋಗಿರಲಿಲ್ಲ. ಬಾವುಟ ಹಾರಿಸುವುದೊಂದೇ ಗೊತ್ತು.

ಆದರೆ ಈ ಆಟದ ಜೀವ ಕತೆಯಲ್ಲಿಲ್ಲ, ‘ಕರಿಸ್ಮಾ’ ಎನ್ನುವ ಒಂದು ಪಟ್ಟಿಯಲ್ಲಿದೆ. ಶುರುವಿನಲ್ಲಿ ನಿಮ್ಮ ಹಿಂದೆ ಬರುವವರು ಬೆರಳೆಣಿಕೆಯ ಜನ. ನೆಲೆಯೊಂದನ್ನು ವಶಪಡಿಸಿಕೊಂಡರೆ, ಗಾಯಗೊಂಡು ಬಿದ್ದವರಿಗೆ ನಿಮ್ಮದೇ ಮೆಡಿಕಲ್ ಕಿಟ್ ಕೊಟ್ಟರೆ ಪಟ್ಟಿ ತುಂಬ್ತದೆ, ಆಗ ಇನ್ನೊಬ್ಬ ಸೇರ್ತಾನೆ. ಹೀಗೆ 12 ಜನರವರೆಗೆ. ಆಜ್ಞೆಗಳು ಮೂರೇ: ನನ್ನ ಜೊತೆ ಬಾ, ಮುನ್ನುಗ್ಗು, ಇಲ್ಲಿ ಕಾಯು. ಕೊಟ್ಟ ಕಿಟ್ ಮುಂದಿನ ತಿರುವಿನಲ್ಲಿ ನಿಮಗೇ ಬೇಕಾಗಬಹುದು. ಅಣ್ಣ ಪ್ರತಿ ಸಲ ಬೈತಿದ್ದ, "ಅವನಿಗೆ ಎಂತಕ್ಕೆ ಕೊಟ್ಟದ್ದು ಮಾರಾಯ, ನಾವು ಸಾಯುದಿಲ್ವಾ ಈಗ?"

ಈಗ ನಾನು ಬೆಂಗಳೂರಲ್ಲಿ ಎಂಟು ಜನರ ಟೀಮಿಗೆ ಲೀಡ್. ಮುಂದಾಳ್ತನದ ಬಗ್ಗೆ ಕಂಪನಿ ಕೊಡಿಸಿದ ಟ್ರೇನಿಂಗ್‌ಗಳಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿಕೊಟ್ಟಿಲ್ಲ: ಜನ ಹುದ್ದೆ ನೋಡಿ ಬರುವುದಿಲ್ಲ, ನೀನು ಏನು ಕಳಕೊಂಡೆ ಅಂತ ನೋಡಿ ಬರ್ತಾರೆ.

ಇನ್ನೊಂದು ಗುಣ, ಆಟದ ಜಾಗಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದವು. ಒಂದು ಕಡೆ ಹೆಲಿಕಾಪ್ಟರ್ ಕಾಟ ತಡೆಯಲಾಗದಿದ್ದರೆ ಚರಂಡಿ ಹಾದು ಇನ್ನೊಂದು ಕಡೆ ಹೋಗಿ ಅದರ ಹೆಲಿಪ್ಯಾಡನ್ನೇ ಉಡಾಯಿಸಬಹುದು. ಯಾವುದು ಮೊದಲು ಅನ್ನುವುದು ನಿಮಗೆ ಬಿಟ್ಟದ್ದು. ನಾವಿಬ್ಬರೂ ಸೈಕಲ್ ಹತ್ತಿ ಮನೆ ಮುಟ್ಟುವವರೆಗೆ ಇದರದ್ದೇ ಚರ್ಚೆ.

ದೋಷ ಇಲ್ಲವೆಂದಲ್ಲ. ವೈರಿಗಳು ಕಾರ್ಟೂನಿನ ರಷ್ಯನ್ನರು. ಕೆಲವೊಮ್ಮೆ ಗೋಡೆ ನೋಡಿಕೊಂಡು ನಿಂತಿರ್ತಾರೆ. ಆಟ ಬೇಗ ಮುಗಿಯುತ್ತದೆ. ಅಧ್ಯಾಯ ಮುಗಿಯುವ ಮೊದಲು ಸೈಬರಿನವರು "ಟೈಮ್ ಆಯ್ತು" ಅಂದರೆ ನಮಗೆ ಮರುದಿನ ಮೊದಲಿಂದ ಶುರು.

ಎರಡನೇ ಭಾಗದ ಆಸೆಗೆ ನಾವು ಮೋಸವೂ ಹೋಗಿದ್ದೇವೆ. ‘ಫ್ರೀಡಮ್ ಫೈಟರ್ಸ್ 2’ ಅಂತ ಬರೆದಿದ್ದ ಸಿಡಿಯೊಂದನ್ನು ಅಣ್ಣ ದುಡ್ಡು ಕೊಟ್ಟು ತಂದ. ಒಳಗಿದ್ದದ್ದು ಯಾವುದೋ ಬೇರೆ ಯುದ್ಧದ ಆಟ. ನಮ್ಮೂರವರಿಗೆ ಇದು ಹೊಸತಲ್ಲ. ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ ಮೇಲೂ ಯಾವ್ಯಾವುದೋ ಹಸಿರು ಉರುಟು ಬದನೆಯನ್ನು ಗುಳ್ಳ ಅಂತ ಕೊಡುವವರಿದ್ದಾರೆ. ಸಾಂಬಾರು ಮಾಡಿದ ಮೇಲೆ ಗೊತ್ತಾಗ್ತದೆ.

ನನ್ನ ಹೆದರಿಕೆಯೂ ಅದೇ. ಐಒ 2017ರಲ್ಲಿ ಸ್ವತಂತ್ರವಾದಾಗ ಈ ಆಟದ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡಿತು. 2020ರಲ್ಲಿ ಹಳೆಯದನ್ನೇ ಮತ್ತೆ ಮಾರಾಟಕ್ಕಿಟ್ಟಿತು. ಅಂದರೆ ಬೀಜ ಅವರ ಕೈಯಲ್ಲೇ ಇದೆ. ಬಿತ್ತುವುದಾದರೆ ದೊಡ್ಡ ನಕ್ಷೆ, ನೂರಾರು ಬಂದೂಕು ಕೊಟ್ಟು ನಮ್ಮನ್ನು ಮರುಳು ಮಾಡುವುದು ಬೇಡ. ಆ 12 ಜನರಿಗೆ ಹೆಸರು ಕೊಡಿ, ಸತ್ತರೆ ನೆನಪಿರುವ ಹಾಗೆ ಮಾಡಿ. ಮೂರು ಆಜ್ಞೆ ಮೂರೇ ಇರಲಿ. ಕಿಟ್ ಕೊಡುವಾಗ ಕೈ ಹಿಂಜರಿಯಲಿ.

ಕಳೆದ ಚೌತಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಆ 2020ರದ್ದನ್ನು ಹಾಕಿದೆ. ಅಣ್ಣ ಹಿಂದಿನಿಂದ ಬಂದವ ಏನೂ ಕೇಳದೆ ಮೌಸ್ ಹಿಡಿದ. ಮೊದಲ ಗಾಯಾಳು ಕಂಡ ಕೂಡಲೇ ಅವನೇ ಹೇಳಿದ, "ಕೊಡು ಮಾರಾಯ, ಕಿಟ್ ಕೊಡು."