ಹ್ಯಾರಿಯೆಟ್ ಜೇಕಬ್ಸ್: ಸಾಕ್ಷಿಯ ಆಚೆಗೆ

ದಲಿತ ಆತ್ಮಕಥೆಗಳ ಎದುರು ನಮ್ಮ ವಿಮರ್ಶೆ ಎರಡು ಮಾತು ಆಡುತ್ತ ಬಂದಿದೆ. ಬರಹ ಒರಟಾಗಿದ್ದರೆ ‘ಇದು ದಾಖಲೆ, ಸಾಹಿತ್ಯ ಅಲ್ಲ’ ಅನ್ನುತ್ತದೆ. ಹದವಾಗಿದ್ದರೆ ‘ಇದರಲ್ಲಿ ಅನುಭವ ಎಷ್ಟು, ಕಟ್ಟಿದ್ದು ಎಷ್ಟು?’ ಅಂತ ಅನುಮಾನಿಸುತ್ತದೆ. ಅಮೆರಿಕದ ಹ್ಯಾರಿಯೆಟ್ ಜೇಕಬ್ಸ್ ಈ ಎರಡನೆಯ ಅನುಮಾನಕ್ಕೆ ಗುರಿಯಾದ ಹೆಣ್ಣುಮಗಳು.

ಆಕೆ 1813ರಲ್ಲಿ ಉತ್ತರ ಕೆರೊಲಿನಾದ ಈಡೆಂಟನ್‌ನಲ್ಲಿ ಗುಲಾಮಳಾಗಿಯೇ ಹುಟ್ಟಿದಳು. ಯಜಮಾನ ಡಾಕ್ಟರ್ ನಾರ್ಕಮ್‌ನ ಲೈಂಗಿಕ ಕಾಟದಿಂದ ಪಾರಾಗಲು 1835ರಲ್ಲಿ ತಲೆಮರೆಸಿಕೊಂಡಳು. ಕೊನೆಗೆ ಅವಿತದ್ದು ಅದೇ ಊರಿನ ಅಜ್ಜಿಯ ಮನೆಯ ಅಟ್ಟದಲ್ಲಿ. 9 ಅಡಿ ಉದ್ದ, 7 ಅಡಿ ಅಗಲ, ಎತ್ತರ ಹೆಚ್ಚೆಂದರೆ 3 ಅಡಿ. ಅಲ್ಲಿ ಹೆಚ್ಚುಕಡಿಮೆ ಏಳು ವರ್ಷ ಕಳೆದು 1842ರಲ್ಲಿ ಉತ್ತರದ ರಾಜ್ಯಗಳಿಗೆ ತಪ್ಪಿಸಿಕೊಂಡು ಹೋದಳು.

ಆ ಕತ್ತಲಲ್ಲೂ ಆಕೆ ಬರೆಯುತ್ತಿದ್ದಳು. ತಾನು ಉತ್ತರದಲ್ಲಿದ್ದೇನೆಂದು ನಾರ್ಕಮ್‌ನನ್ನು ನಂಬಿಸಲು ಕಾಗದ ಬರೆದು, ಅದು ಅಲ್ಲಿಂದಲೇ ಅಂಚೆಗೆ ಬೀಳುವಂತೆ ಮಾಡಿದಳು. ಬೀದಿ ಹೆಸರಿಗೆ ನ್ಯೂಯಾರ್ಕಿನ ಪತ್ರಿಕೆಯ ಹರಕು ಹಾಳೆ ನೋಡಿಕೊಂಡಳು. ಅಜ್ಜಿಗೆ ಬರೆದ ಕಾಗದವನ್ನು ನಾರ್ಕಮ್ ಮುಚ್ಚಿಟ್ಟು, ತಾನೇ ಬರೆದ ಇನ್ನೊಂದನ್ನು ಅಜ್ಜಿಗೆ ಓದಿ ಹೇಳಿದ. ಅದನ್ನೂ ಆಕೆ ಮರೆಯಲ್ಲಿದ್ದೇ ಕೇಳಿಸಿಕೊಂಡಳು. ಆಕೆಯ ಬರಹವನ್ನು ಮೊದಲು ‘ತಿದ್ದಿದವನು’ ಯಜಮಾನನೇ!

ಮುಂದೆ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ಸ್ಟೋವ್ ಆಕೆಯ ಬದುಕನ್ನು ತನ್ನ ಪುಸ್ತಕಕ್ಕೆ ಬಳಸಿಕೊಳ್ಳಲು ನೋಡಿದಳು. ಇದು ನಿಜವೇ ಅಂತ ಜೇಕಬ್ಸ್ ದುಡಿಯುತ್ತಿದ್ದ ಮನೆಯೊಡತಿಯನ್ನು ವಿಚಾರಿಸಿದಳು. ಜೇಕಬ್ಸ್ ಒಪ್ಪಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮುಗಿಸಿ, ರಾತ್ರಿ ಕದ್ದು ಕೂತು ತಾನೇ ಬರೆದಳು. 1861ರಲ್ಲಿ ‘ಗುಲಾಮ ಹುಡುಗಿಯೊಬ್ಬಳ ಬದುಕಿನ ಘಟನೆಗಳು’ ಹೊರಬಂತು. ಅದರಲ್ಲಿ ಆಕೆಯ ಹೆಸರು ಲಿಂಡಾ ಬ್ರೆಂಟ್. ನಾರ್ಕಮ್‌ನ ಹೆಸರೂ ಬೇರೆ. ಸಂಪಾದಕಿ ಬಿಳಿಯ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್. 1972ರಲ್ಲೂ ಇತಿಹಾಸಕಾರ ಬ್ಲಾಸಿಂಗೇಮ್ ಈ ಪುಸ್ತಕ ನಂಬಲರ್ಹವಲ್ಲ ಎಂದ. ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಜೇಕಬ್ಸ್‌ಳ ಕಾಗದಗಳನ್ನು ಹುಡುಕಿ ತೆಗೆದು, 1987ರ ಆವೃತ್ತಿಯಲ್ಲಿ ಕರ್ತೃತ್ವವನ್ನು ಖಚಿತಪಡಿಸಿದಳು.

ಯೆಲಿನ್ ಕೆಲಸ ದೊಡ್ಡದು. ಆದರೆ ‘ನಿಜ’ ಅಂತ ಸಾಬೀತಾದ ಕೂಡಲೇ ಜೇಕಬ್ಸ್ ಬರೀ ಸಾಕ್ಷಿಯಾಗಿ ಉಳಿದುಬಿಡುವ ಅಪಾಯವಿದೆ. ನನ್ನ ತರಗತಿಯಲ್ಲೂ ‘ಇದೆಲ್ಲ ನಡೆದದ್ದೇನಾ?’ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕರೆ ಚರ್ಚೆ ಮುಗಿದೇಹೋಗುತ್ತದೆ. ನಾನು ಒತ್ತಿ ಹೇಳಬೇಕೆಂದಿರುವುದು ಇದು: ಜೇಕಬ್ಸ್ ಸಾಕ್ಷಿ ಮಾತ್ರವಲ್ಲ, ವಿಮರ್ಶಕಿ ಕೂಡ. ನಾರ್ಕಮ್‌ನಿಂದ ತಪ್ಪಿಸಿಕೊಳ್ಳಲು ಆಕೆ ಬಿಳಿಯ ವಕೀಲನೊಬ್ಬನ ಸಂಬಂಧ ಒಪ್ಪಿಕೊಂಡಳು, ಎರಡು ಮಕ್ಕಳಾದವು. ನಾಚಿಕೆಯಿಂದಲೇ ಅದನ್ನು ಹೇಳಿದರೂ ಕೊನೆಗೆ ಒಂದು ನಿಲುವಿಗೆ ಬರುತ್ತಾಳೆ: ಗುಲಾಮ ಹೆಣ್ಣನ್ನು ಉಳಿದ ಹೆಂಗಸರ ಅಳತೆಗೋಲಿನಿಂದ ಅಳೆಯಕೂಡದು. ಇದು ಕ್ಷಮೆ ಬೇಡುವ ಮಾತಲ್ಲ. ತನ್ನ ಓದುಗರಾದ ಬಿಳಿಯ ಗೃಹಿಣಿಯರ ಶೀಲದ ಕಲ್ಪನೆಯನ್ನೇ ಕಟಕಟೆಗೆ ನಿಲ್ಲಿಸುವ ಮಾತು.

ದಲಿತ ವಿಮರ್ಶೆ ನಮ್ಮ ಬರಹಗಳ ಪ್ರಾಮಾಣಿಕತೆಗೆ ಸರ್ಟಿಫಿಕೇಟು ಕೊಡುವುದರಲ್ಲೇ ಸವೆಯಬಾರದು. ಆ ಬರಹಗಳೊಳಗಿನ ಅಳತೆಗೋಲನ್ನು ಕೈಗೆತ್ತಿಕೊಂಡು, ಶೀಲ, ತ್ಯಾಗ, ತಾಯ್ತನ ಅಂತ ನಾವು ಪಾಠ ಹೇಳುತ್ತಿರುವ ಕಾದಂಬರಿಗಳನ್ನು ಮತ್ತೆ ಓದಬೇಕು. ಆ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇದೆ.