‘ವೇಗವರ್ಧಕ’ವೆಂಬ ಪರಿಭಾಷೆ: ಒಂದು ವಿಮರ್ಶೆ

ಕನ್ನಡದ ರಸಾಯನಶಾಸ್ತ್ರಗ್ರಂಥಗಳಲ್ಲಿ ‘ಕೆಟಲಿಸ್ಟ್’ ಎಂಬುದಕ್ಕೆ ‘ವೇಗವರ್ಧಕ’ವೆಂಬ ಶಬ್ದವು ರೂಢವಾಗಿದೆ. ತಾನು ವ್ಯಯವಾಗದೆ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವೆಂದು ಅದರ ಲಕ್ಷಣವನ್ನು ಹೇಳುವುದುಂಟು. ಈ ಲಕ್ಷಣವು ಅಸತ್ಯವಲ್ಲ. ಆದರೆ ಲಕ್ಷ್ಯದ ಅರ್ಧವನ್ನು ಮಾತ್ರ ಹಿಡಿಯುತ್ತದೆಯೆಂಬುದನ್ನು ಇಲ್ಲಿ ತೋರಿಸಬೇಕೆಂದಿದ್ದೇವೆ.

ಮೂಲಶಬ್ದವನ್ನು ೧೮೩೫ರಲ್ಲಿ ಸ್ವೀಡನ್ನಿನ ಬೆರ್ಜೀಲಿಯಸರು ಗ್ರೀಕಿನಿಂದ ರಚಿಸಿದರು. ಅದರ ಧಾತ್ವರ್ಥವು ‘ಸಡಿಲಿಸುವುದು’ ಎಂದು; ವೇಗದ ಮಾತು ಅದರಲ್ಲಿಲ್ಲ. ವೇಗವನ್ನು ಲಕ್ಷಣಕ್ಕೆ ಆಧಾರವಾಗಿ ಮಾಡಿದವರು, ಮುಂದೆ ೧೯೦೯ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಆಸ್ಟ್‌ವಾಲ್ಡರು. ನಮ್ಮ ಶಬ್ದವು ಬೆರ್ಜೀಲಿಯಸರ ಪದಕ್ಕಿಂತ ಆಸ್ಟ್‌ವಾಲ್ಡರ ಲಕ್ಷಣವನ್ನೇ ಅನುಸರಿಸುವಂತಿದೆ.

ಈ ನ್ಯೂನತೆಗೆ ಒಂದು ನಿದರ್ಶನವನ್ನು ಕೊಡುವೆವು. ಅಜೈಡ್, ಆಲ್ಕೈನ್ ಎಂಬ ಎರಡು ಬಗೆಯ ಅಣುಗಳು ಕೂಡಿದರೆ ಐದು ಪರಮಾಣುಗಳ ಟ್ರೈಅಜೋಲ್ ಉಂಗುರವು ಉಂಟಾಗುವುದು. ಅಜೈಡಿನಿಂದ ಬಂದ ಗುಂಪು ಅದರ ೧ನೆಯ ಸ್ಥಾನದಲ್ಲಿರಲು, ಆಲ್ಕೈನಿನದು ೪ನೆಯ ಸ್ಥಾನದಲ್ಲಾಗಲಿ ೫ನೆಯದರಲ್ಲಾಗಲಿ ನಿಲ್ಲಬಹುದು. ಬರಿಯ ಶಾಖದಿಂದ ಸಾಮಾನ್ಯವಾಗಿ ಎರಡು ವಸ್ತುಗಳೂ ಬೆರೆತು ಬರುವುವು. ೨೦೦೨ರಲ್ಲಿ ಡೆನ್ಮಾರ್ಕಿನ ಮೆಲ್ಡಾಲರ ತಂಡವೂ ಅಮೆರಿಕದ ಷಾರ್ಪ್‌ಲೆಸ್ಸರ ತಂಡವೂ ಬೇರೆಬೇರೆಯಾಗಿ, ತಾಮ್ರವನ್ನು ಬಳಸಿ ೪ನೆಯ ಸ್ಥಾನದ ವಸ್ತುವನ್ನೇ ಪಡೆದವು. ೨೦೦೫ರಲ್ಲಿ ರುಥೇನಿಯಂ ಸಂಯುಕ್ತವೊಂದನ್ನು ಬಳಸಿದಾಗ ೫ನೆಯ ಸ್ಥಾನದ ವಸ್ತುವು ಲಭಿಸಿತು. ದ್ರವ್ಯಗಳು ಅವೇ, ಫಲವು ಬೇರೆ. ತಾಮ್ರವು ಆಲ್ಕೈನಿನ ತುದಿಯ ಹೈಡ್ರೋಜನ್ನನ್ನು ತೊಲಗಿಸಿ ತಾನೇ ಅಲ್ಲಿ ನೆಲೆಗೊಳ್ಳುವುದು. ರುಥೇನಿಯಂ ಹಾಗೆ ಮಾಡದೆ ಎರಡು ಅಣುಗಳನ್ನೂ ತನ್ನ ಬಳಿ ಹಿಡಿದು ಜೋಡಿಸುವುದು. ಆದಕಾರಣವೇ ತುದಿಯಲ್ಲಿ ಹೈಡ್ರೋಜನ್ ಇಲ್ಲದ ಆಲ್ಕೈನುಗಳಲ್ಲಿಯೂ ಅದು ಕಾರ್ಯಕಾರಿಯಾಗಿದೆ.

ಇದಕ್ಕೆ ಆಕ್ಷೇಪವುಂಟು: ಎರಡು ಮಾರ್ಗಗಳಲ್ಲಿ ಶೀಘ್ರವಾದುದೇ ಗೆಲ್ಲುವುದರಿಂದ ಸ್ಥಾನದ ಆಯ್ಕೆಯೂ ವೇಗದ ಪರಿಣಾಮವೇ ಅಲ್ಲವೆ? ಮಾತು ಸರಿಯೆ. ಆದರೆ ಇಲ್ಲಿ ಹೆಚ್ಚಿದುದು ಹಳೆಯ ಮಾರ್ಗದ ವೇಗವಲ್ಲ; ಒಂದೊಂದು ಲೋಹವೂ ತನ್ನದೇ ಆದ ಹೊಸ ಮಾರ್ಗವನ್ನು ತೆರೆದಿದೆ. ‘ವೇಗವರ್ಧಕ’ವೆಂದಷ್ಟೇ ಕೇಳಿದ ವಿದ್ಯಾರ್ಥಿಯು, ಆಗಲಿದ್ದುದೇ ಬೇಗ ಆಯಿತೆಂದು ತಿಳಿಯುವನು, ಏನಾಗಬೇಕೆಂಬುದನ್ನೂ ಅದು ನಿರ್ಣಯಿಸಬಲ್ಲುದೆಂದು ಅರಿಯನು.

ಬೇರೂರಿದ ಶಬ್ದವನ್ನು ಕಿತ್ತೊಗೆಯಬೇಕೆಂದು ನಾವು ಹೇಳುವುದಿಲ್ಲ. ರೂಢಿಯು ಯೋಗಾರ್ಥಕ್ಕಿಂತ ಬಲವತ್ತರವೆಂಬುದು ಶಾಬ್ದಿಕರಿಗೆ ತಿಳಿದುದೇ. ಲಕ್ಷಣವಾಕ್ಯವನ್ನು ತಿದ್ದಿದರೆ ಸಾಕು: ‘ತಾನು ವ್ಯಯವಾಗದೆ, ಕ್ರಿಯೆಗೆ ಬೇರೊಂದು ಮಾರ್ಗವನ್ನು ತೆರೆದು, ಅದರ ವೇಗವನ್ನು ಹೆಚ್ಚಿಸಿ, ಹಲವೆಡೆ ಅದರ ಫಲವನ್ನೂ ನಿಯಮಿಸುವ ವಸ್ತು.’ ಸ್ಥಾನದ ಈ ಆಯ್ಕೆಗೆ ‘ಸ್ಥಾನವರಣ’ವೆಂಬ ಹೆಸರು ಒಪ್ಪೀತೆಂದು ತೋರುತ್ತದೆ. ಬಲ್ಲವರು ಪರಾಮರ್ಶಿಸಬೇಕು.