ಬೃಹತ್ ಪ್ರತಿಮೆಯ ಸ್ಕೆಚ್ಚನ್ನು ನೋಡುವ ಬಗೆ: ಮುಚ್ಚಿಂತಲದ ರಾಮಾನುಜರು

ಪ್ರವಾಸದಲ್ಲಿ ಸ್ಥಳದಲ್ಲೇ ಬರೆದ ರೇಖಾಚಿತ್ರವನ್ನು ಕಂಡ ಕೂಡಲೇ ‘ಹೋಲುತ್ತದೆಯೇ’ ಎಂದು ಕೇಳುವುದು ಹೊಸ ರಸಿಕರಿಗೆ ಸಹಜವಾದರೂ, ಬೃಹತ್ ಪ್ರತಿಮೆಯ ವಿಷಯದಲ್ಲಿ ಮೊದಲು ಗಮನಿಸಬೇಕಾದುದು ಅಂಗೈಯಗಲದ ಹಾಳೆಯಲ್ಲಿ ಅದರ ಗಾತ್ರ ಹೇಗೆ ಮೂಡಿದೆ ಎಂಬುದನ್ನು. ಶಂಶಾಬಾದ್ ಸಮೀಪದ ಮುಚ್ಚಿಂತಲದಲ್ಲಿ 2022ರ ಫೆಬ್ರವರಿ 5ರಂದು ಲೋಕಾರ್ಪಣೆಗೊಂಡ ರಾಮಾನುಜಾಚಾರ್ಯರ ಪಂಚಲೋಹದ ‘ಸಮತಾಮೂರ್ತಿ’ ಇದಕ್ಕೆ ಒಳ್ಳೆಯ ನಿದರ್ಶನ.

ಇಲ್ಲಿ ಭದ್ರವೇದಿ ಎಂಬ ತಳಕಟ್ಟಡ 54 ಅಡಿ, ಅದರ ಮೇಲಿನ ಪದ್ಮಪೀಠ 27 ಅಡಿ, ಕೈಮುಗಿದು ಕುಳಿತ ಮೂರ್ತಿ 108 ಅಡಿ. ಶ್ರೀವೈಷ್ಣವ ಯತಿಗಳು ಧರಿಸುವ, ಮೂರು ಕೋಲುಗಳನ್ನು ಸೇರಿಸಿ ಕಟ್ಟಿದ ತ್ರಿದಂಡ 135 ಅಡಿ ಎತ್ತರವಿದ್ದು, ಅದರ ತುದಿಗೆ ನೆಲದಿಂದ ಒಟ್ಟು 216 ಅಡಿಯಾಗುತ್ತದೆ. ಪದ್ಮಪೀಠದ ಎತ್ತರವನ್ನು ಒಂದು ಮಾನವೆಂದು, ಅಂದರೆ ಅಳತೆಯ ಘಟಕವೆಂದು ಹಿಡಿದರೆ ವೇದಿಗೆ ಎರಡು, ಮೂರ್ತಿಗೆ ನಾಲ್ಕು, ದಂಡಕ್ಕೆ ಐದು ಮಾನಗಳು ಬರುತ್ತವೆ. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸುತ್ತ ಚಿತ್ರಕಾರರು ಅಳೆಯುವುದು ಇಂಥ ಅನುಪಾತವನ್ನೇ.

ಆದರೆ ಈ ಲೆಕ್ಕ ಕೂಡಿಬರುವುದು ದೂರದಿಂದ ಬರೆದ ಚಿತ್ರದಲ್ಲಿ ಮಾತ್ರ. ಬುಡದ ಬಳಿ ನಿಂತು ಕತ್ತೆತ್ತಿದವರಿಗೆ ವೇದಿಯ ಅಂಚು ಪೀಠದ ಭಾಗವನ್ನು ಮರೆಮಾಡುತ್ತದೆ, ಮಡಿಚಿದ ಮೊಣಕಾಲುಗಳು ಹಿಗ್ಗುತ್ತವೆ, ಮುಖ ಕುಗ್ಗಿ ಗಲ್ಲದ ಅಡಿಭಾಗ ಕಾಣತೊಡಗುತ್ತದೆ. ನೋಟದ ಕೋನದಿಂದಾಗುವ ಈ ಕುಗ್ಗುವಿಕೆಗೆ ಹ್ರಸ್ವೀಕರಣವೆಂದು ಹೆಸರು. ಬುಡದಿಂದ ಬರೆದ ಸ್ಕೆಚ್ಚಿನಲ್ಲೂ ಅನುಪಾತಗಳು ಕರಾರುವಾಕ್ಕಾಗಿದ್ದರೆ, ಚಿತ್ರಕಾರರು ಕಂಡದ್ದನ್ನು ಬಿಟ್ಟು ತಿಳಿದದ್ದನ್ನು ಬರೆದಿದ್ದಾರೆ ಎಂದೇ ತಿಳಿಯಬೇಕು.

ಬಳಿಕ ರಸಿಕರ ಗಮನ ಬೆಳಕಿನ ಕಡೆಗೆ ಹೊರಳಬೇಕು. ಹೊಂಬಣ್ಣದ ನುಣುಪು ಲೋಹ ನಡುಹಗಲಿನಲ್ಲಿ ಕಣ್ಣು ಕೋರೈಸುವುದರಿಂದ, ನುರಿತವರು ಬೆಳಗಿದ ಭಾಗವನ್ನು ಖಾಲಿ ಹಾಳೆಯಾಗಿಯೇ ಬಿಟ್ಟು, ಮುಗಿದ ಕೈಗಳ ಕೆಳಗಿನ ನೆರಳು, ಕಮಲದ ದಳಗಳ ನಡುವಿನ ಸಂದು, ದಂಡದ ಒಂದೇ ನೀಳ ಗೆರೆ ಇಷ್ಟರಿಂದಲೇ ಘನತ್ವವನ್ನು, ಅಂದರೆ ದುಂಡಗಿನ ತುಂಬುತನವನ್ನು ಸಾಧಿಸುತ್ತಾರೆ. ರಾಮಾನುಜರು ನೆಲೆಸಿದ್ದ ಮೇಲುಕೋಟೆಯ ದೇಗುಲದಲ್ಲಿರುವ ಅವರ ಚಿಕ್ಕ ವಿಗ್ರಹವನ್ನು ಬರೆಯುವವರಿಗೆ ಅಲಂಕಾರದ ಸೂಕ್ಷ್ಮಗಳೇ ಮುಖ್ಯವಾದರೆ, ಮುಚ್ಚಿಂತಲದಲ್ಲಿ ಯಾವುದನ್ನು ಬಿಡಬೇಕೆಂಬ ವಿವೇಕವೇ ಮುಖ್ಯ.

ಗಾತ್ರವನ್ನು ಸೂಚಿಸಲು ಮೆಟ್ಟಿಲಿನ ಮೇಲೆ ಒಂದೆರಡು ಪುಟ್ಟ ಮನುಷ್ಯಾಕೃತಿಗಳನ್ನು ಬರೆಯುವುದು ವಾಡಿಕೆ. ಅವುಗಳನ್ನು ಬೆರಳಿನಿಂದ ಮುಚ್ಚಿ ನೋಡಿದಾಗ ಪ್ರತಿಮೆ ಮೇಜಿನ ಮೇಲಿಡುವ ಬೊಂಬೆಯಾಗಿಬಿಟ್ಟರೆ ಗಾತ್ರವೆಲ್ಲ ಆ ಆಕೃತಿಗಳ ಹಂಗಿನಲ್ಲಿತ್ತೆಂದೂ, ಆಗಲೂ ಕತ್ತೆತ್ತಿ ನೋಡಿದ ಭಾವ ಉಳಿದರೆ ಅದು ಗೆರೆಗಳಲ್ಲೇ ಇದೆಯೆಂದೂ ನಿರ್ಣಯಿಸಬಹುದು.